ಪೋರ್ಟಾ ಕ್ಯಾಬಿನ್‌ಗೆ ಹೊಸ ಕಿಟಕಿ, ಹೊಸ ಬಾಗಿಲು: ಅಳತೆ ತಪ್ಪದಂತೆ ಮಾಡಿಸುವುದು ಹೇಗೆ?

ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟಗಳಿಗೆ ಪೋರ್ಟಾ ಕ್ಯಾಬಿನ್, ಅಂದರೆ ಸಿದ್ಧವಾಗಿ ತಂದು ನಿಲ್ಲಿಸುವ ತಗಡಿನ ಕೋಣೆ, ಈಗ ಹೊಸದೇನಲ್ಲ. ಹೋಂಸ್ಟೇ ಕೋಣೆಗೆ, ತೋಟದ ಲೆಕ್ಕ ನೋಡುವ ರೈಟರ್ ಆಫೀಸಿಗೆ, ಕಾಫಿ ಕುಯ್ಲಿಗೆ ಬರುವ ಕೆಲಸದವರ ವಸತಿಗೆ ಅದೇ ಆಗುತ್ತದೆ. ಗೋಡೆ, ಮಾಡು ಇನ್ನೂ ಗಟ್ಟಿಯಾಗಿರುವಾಗಲೇ ಮೊದಲು ಕೈಕೊಡುವುದು ಕಿಟಕಿ ಮತ್ತು ಬಾಗಿಲು. ಸ್ಲೈಡಿಂಗ್ ಕಿಟಕಿಯ ತಳದಿಂದ ನೀರು ಒಳಗಿಳಿಯುತ್ತದೆ, ಬಾಗಿಲ ಕೆಳ ಅಂಚು ಉಬ್ಬಿ ಹೊಸ್ತಿಲಿಗೆ ಉಜ್ಜುತ್ತದೆ, ಒಳಗಿನ ಬೋರ್ಡಿಗೆ ಬೂಷ್ಟು ಹಿಡಿಯುತ್ತದೆ. ಆಗ ಕೆಲಸದವರನ್ನು ಕರೆದು "ಇದೇ ಸೈಜಿನದು ಇನ್ನೊಂದು ಮಾಡಿಕೊಡಿ" ಎಂದರೆ ಹಳೆಯ ತೊಂದರೆಯೇ ಹೊಸ ಕಿಟಕಿಯ ಜೊತೆ ವಾಪಸ್ ಬರುತ್ತದೆ.

ಕ್ಯಾಬಿನ್‌ನಲ್ಲಿ ಅಗಲ, ಎತ್ತರಕ್ಕಿಂತ ಮೊದಲು ಅಳೆಯಬೇಕಾದದ್ದು ಗೋಡೆಯ ದಪ್ಪ. ಇಟ್ಟಿಗೆ ಗೋಡೆ 6 ಇಂಚೋ 9 ಇಂಚೋ ಇರುವುದರಿಂದ ಯಾವ ಚೌಕಟ್ಟಾದರೂ ಅದರೊಳಗೆ ಅಡಗುತ್ತದೆ. 2 ಇಂಚಿನ ಗೋಡೆಯಲ್ಲಿ ಅಡಗುವುದಿಲ್ಲ. ಬಹುಪಾಲು ಸೋರಿಕೆಯ ಮೂಲ ಇಲ್ಲೇ ಇದೆ.

ಗೋಡೆ ಯಾವುದು, ದಪ್ಪ ಎಷ್ಟು

ನಮ್ಮ ಕಡೆ ಕಾಣುವ ಗೋಡೆಗಳು ಮುಖ್ಯವಾಗಿ ಮೂರು ಬಗೆ. ಒಂದು, ಪಫ್ ಪ್ಯಾನಲ್: ಎರಡು ತೆಳು ಬಣ್ಣದ ತಗಡಿನ ನಡುವೆ ಫೋಮ್, ಸಾಮಾನ್ಯವಾಗಿ ಒಟ್ಟು 50 ಮಿ.ಮೀ. ಎರಡು, ಕಬ್ಬಿಣದ ಚೌಕ ಪೈಪಿನ ಚೌಕಟ್ಟಿಗೆ ಹೊರಗೆ ತಗಡು, ಒಳಗೆ ಬೋರ್ಡ್, ನಡುವೆ ಗ್ಲಾಸ್ ವುಲ್ ಅಥವಾ ಥರ್ಮೋಕೋಲ್; ಇದು 60ರಿಂದ 75 ಮಿ.ಮೀ. ಬರುತ್ತದೆ. ಮೂರು, ಹಡಗಿನ ಕಂಟೈನರ್: ಅಲೆಅಲೆಯಾದ ಉಕ್ಕಿನ ಗೋಡೆ, ಅದರ ಒಳಗೆ ನೀವು ಮಾಡಿಸಿಕೊಂಡ ಪದರ.

ದಪ್ಪ ನೋಡಲು ಹಳೆಯ ಕಿಟಕಿಯ ಒಳಗಿನ ಬೀಡಿಂಗ್ ಪಟ್ಟಿಯನ್ನು ಒಂದು ಕಡೆ ಬಿಚ್ಚಿ, ಒಳ ಮೈಯಿಂದ ಹೊರ ಮೈಗೆ ನೇರ ಅಳೆಯಿರಿ. ಮೇಲೆ, ಕೆಳಗೆ, ಎರಡೂ ಪಕ್ಕದಲ್ಲಿ ನೋಡಿ. ಕಿಟಕಿಯ ಕೆಳಗೆ ಮಾತ್ರ ಅಳತೆ ಜಾಸ್ತಿ ಬಂದರೆ ಬೋರ್ಡ್ ನೀರು ಕುಡಿದು ಉಬ್ಬಿದೆ ಎಂದೇ ಅರ್ಥ. ಆ ಬೋರ್ಡನ್ನು ಕತ್ತರಿಸಿ ಬದಲಿಸಿದ ಮೇಲೆಯೇ ಮುಂದಿನ ಅಳತೆ.

ಈಗ ಇದನ್ನು ಕಿಟಕಿಯ ಸೆಕ್ಷನ್ (ಚೌಕಟ್ಟು ಮಾಡುವ ಲೋಹದ ಪಟ್ಟಿ) ಜೊತೆ ಹೋಲಿಸಿ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಎರಡು ಟ್ರ್ಯಾಕಿನ ಅಲ್ಯೂಮಿನಿಯಂ ಸ್ಲೈಡಿಂಗ್ ಚೌಕಟ್ಟಿನ ಅಗಲ ಸುಮಾರು 62 ಮಿ.ಮೀ.; ಸೊಳ್ಳೆ ಜಾಲರಿಗೆಂದು ಮೂರನೆಯ ಟ್ರ್ಯಾಕ್ ಸೇರಿದರೆ ಸುಮಾರು 92 ಮಿ.ಮೀ. 50 ಮಿ.ಮೀ. ಗೋಡೆಯಲ್ಲಿ ಎರಡು ಟ್ರ್ಯಾಕಿನದು 12 ಮಿ.ಮೀ. ಹೊರಚಾಚುತ್ತದೆ, ಮೂರು ಟ್ರ್ಯಾಕಿನದು 42 ಮಿ.ಮೀ. ಹೊರಗೆ ಚಾಚಿದರೆ ಚೌಕಟ್ಟಿನ ತಲೆಯ ಮೇಲೆ ಒಂದು ಪುಟ್ಟ ಕಟ್ಟೆಯಾಗಿ ಮಳೆನೀರು ಅಲ್ಲೇ ನಿಲ್ಲುತ್ತದೆ. ಒಳಗೆ ತಳ್ಳಿದರೆ ಟ್ರ್ಯಾಕಿನ ನೀರು ಹೊರಹೋಗುವ ತೂತು ಗೋಡೆಯ ಮರೆಗೆ ಹೋಗಿ, ನೀರು ಫೋಮಿನೊಳಗೇ ಇಳಿಯುತ್ತದೆ. ಎರಡರಲ್ಲಿ ಹೊರಗೆ ಚಾಚುವುದೇ ಮೇಲು. ತಲೆಯ ಮೇಲೆ ತಗಡಿನ ಮಡಿಕೆ ಹಾಕಿ ನೀರನ್ನು ಆಚೆ ಬೀಳಿಸಬಹುದು, ತಳದ ನೀರೂ ಗೋಡೆಗೆ ತಾಗದೆ ಕೆಳಗೆ ತೊಟ್ಟಿಕ್ಕುತ್ತದೆ. ಮೂರು ಟ್ರ್ಯಾಕ್ ಬೇಕೇ ಬೇಕೆಂದರೆ ಗೋಡೆಯ ಸುತ್ತ ಪ್ರತ್ಯೇಕ ಪೆಟ್ಟಿಗೆ ಚೌಕಟ್ಟು ಮಾಡಿಸಬೇಕು. ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಅಳೆಯುವ ಮೊದಲು ಕ್ಯಾಬಿನ್ ಮಟ್ಟ ಮಾಡಿ

ಕ್ಯಾಬಿನ್ ನಿಂತಿರುವುದು ಸೈಜುಗಲ್ಲು ಅಥವಾ ಕಾಂಕ್ರೀಟ್ ಬ್ಲಾಕಿನ ಮೇಲೆ. ಮಲೆನಾಡಿನ ಮಳೆಗೆ ಒಂದು ಮೂಲೆಯ ಮಣ್ಣು ಕುಸಿದರೆ ಇಡೀ ಪೆಟ್ಟಿಗೆ ಓರೆಯಾಗುತ್ತದೆ, ಅದರ ಜೊತೆ ಕಿಟಕಿಯ ಬಾಯಿಯೂ, ಅಂದರೆ ಗೋಡೆಯಲ್ಲಿ ಚೌಕಟ್ಟು ಕೂರುವ ತೆರವೂ. ಸ್ಲೈಡಿಂಗ್ ಪಲ್ಲ (ಗಾಜು ಇರುವ ಸರಿಯುವ ಭಾಗ) ತಾನಾಗಿ ಒಂದೇ ಕಡೆಗೆ ಜಾರುವುದು, ಬಾಗಿಲ ಚಿಲಕ ತೂತಿಗೆ ಕೂರದಿರುವುದು ಇದರ ಲಕ್ಷಣ. ಎಷ್ಟೋ ಸಲ ಕ್ಯಾಬಿನ್ ಎತ್ತಿ ಮಟ್ಟ ಮಾಡಿದರೆ ಹಳೆಯ ಬಾಗಿಲೇ ಸರಿಯಾಗಿ ಹಾಕಿಕೊಳ್ಳುತ್ತದೆ, ಬದಲಿಸುವ ಖರ್ಚೇ ಉಳಿಯುತ್ತದೆ.

ಪಾರದರ್ಶಕ ಲೆವೆಲ್ ಪೈಪಿಗೆ ನೀರು ತುಂಬಿ ನಾಲ್ಕೂ ಮೂಲೆಯ ತಳದ ಚಾನೆಲ್ ಹತ್ತಿರ ಹಿಡಿದು ನೋಡಿ. ನೀರಿನಲ್ಲಿ ಗಾಳಿಗುಳ್ಳೆ ಇದ್ದರೆ ಅಳತೆ ಸುಳ್ಳಾಗುತ್ತದೆ, ಅದನ್ನು ಮೊದಲು ಹೊರಹಾಕಿ. ಮೂಲೆಗಳ ನಡುವೆ 10 ಮಿ.ಮೀ. ಮೀರಿ ವ್ಯತ್ಯಾಸವಿದ್ದರೆ ಲಾರಿ ಜಾಕನ್ನು ದಪ್ಪ ಹಲಗೆಯ ಮೇಲಿಟ್ಟು, ತಳದ ಮುಖ್ಯ ಚಾನೆಲ್ಲಿಗೇ ತಾಗಿಸಿ ಎತ್ತಿ, ಕಲ್ಲಿನ ಮೇಲೆ ಉಕ್ಕಿನ ಪಟ್ಟಿ ಕೂರಿಸಿ ಇಳಿಸಿ. ಎತ್ತಿದ ಕ್ಯಾಬಿನ್ ಕೆಳಗೆ ಯಾರೂ ಕೈ, ತಲೆ ಹಾಕಬಾರದು. ಜಾಕ್ ಪಕ್ಕದಲ್ಲಿ ಆಧಾರದ ಕಲ್ಲು ಇಟ್ಟುಕೊಂಡೇ ಎತ್ತಬೇಕು. 20 ಅಡಿ ಕ್ಯಾಬಿನ್‌ಗೆ ನಾಲ್ಕು ಮೂಲೆ ಸಾಲದು, ಉದ್ದದ ಎರಡೂ ಬದಿಯ ನಡುವೆ ಒಂದೊಂದು ಸೇರಿಸಿ ಆರು ಕಡೆ ಆಧಾರ ಇರಲಿ.

ಬಾಯಿಯ ಅಳತೆ

ಹಳೆಯ ಕಿಟಕಿಯ ಹೊರ ಅಂಚಿನ ಪಟ್ಟಿ ಗೋಡೆಯ ಮೇಲೆ ಹೊದ್ದುಕೊಂಡಿರುತ್ತದೆ. ಆ ಪಟ್ಟಿಯಿಂದ ಪಟ್ಟಿಗೆ ಅಳೆದರೆ ಕಿಟಕಿ ಬಾಯಿಗಿಂತ ದೊಡ್ಡದಾಗಿ ತಯಾರಾಗಿ ಬರುತ್ತದೆ. ಗಾಜಿನಿಂದ ಗಾಜಿಗೆ ಅಳೆದರೆ ಚಿಕ್ಕದಾಗುತ್ತದೆ. ಬೇಕಾದದ್ದು ಚೌಕಟ್ಟು ಕೂರುವ ಖಾಲಿ ಬಾಯಿಯ ಅಳತೆ. ಒಂದು ಕಿಟಕಿಯನ್ನಾದರೂ ಪೂರ್ತಿ ಬಿಚ್ಚಿ ನೋಡುವುದು ಒಳ್ಳೆಯದು.

ಸ್ಟೀಲ್ ಟೇಪಿನಲ್ಲಿ ಮಿಲಿಮೀಟರಿನಲ್ಲೇ ಅಳೆಯಿರಿ. ಅಡಿ, ಇಂಚು, ಸೂತ್ ಎಂದು ಬಾಯಿಮಾತಿನಲ್ಲಿ ಹೇಳಿದ್ದು ಅಂಗಡಿ ತಲುಪುವಷ್ಟರಲ್ಲಿ ಬದಲಾಗಿರುತ್ತದೆ. ಒಂದು ಸೂತ್ ಎಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3.2 ಮಿ.ಮೀ.; ಎರಡು ಸೂತ್ ತಪ್ಪಿದರೆ ಕಿಟಕಿ ಕೂರುವುದಿಲ್ಲ. ಟೇಪಿನ ತುದಿಯ ಕೊಕ್ಕೆ ಅಲ್ಲಾಡುವುದು ಸಹಜ, ಆದರೆ ಬಗ್ಗಿರಬಾರದು. ಕೆಲಸ ಮುಗಿಯುವವರೆಗೆ ಒಂದೇ ಟೇಪು ಬಳಸಿ.

ಅಗಲವನ್ನು ಮೇಲೆ, ನಡುವೆ, ಕೆಳಗೆ. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ ಅಳೆದು ಬರೆದುಕೊಳ್ಳಿ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ. ಉದಾಹರಣೆಗೆ ಅಗಲ 1219, 1217, 1214. ಎತ್ತರ 912, 911, 909. ಮೂಲೆಯಳತೆ 1523 ಮತ್ತು 1517 ಬಂತು ಎನ್ನಿ. ಲೆಕ್ಕಕ್ಕೆ ಹಿಡಿಯುವುದು ಅತಿ ಕಡಿಮೆ ಬಂದ ಅಗಲ, ಅತಿ ಕಡಿಮೆ ಬಂದ ಎತ್ತರ: 1214 × 909. ಇದರಿಂದ ಸುತ್ತಲೂ 5 ಮಿ.ಮೀ. ಕಳೆದರೆ, ಅಂದರೆ ಒಟ್ಟು 10 ಕಳೆದರೆ, ಚೌಕಟ್ಟಿನ ಹೊರ ಅಳತೆ 1204 × 899.

5 ಮಿ.ಮೀ. ಯಾಕೆ? ಮೂಲೆಯಳತೆಯಲ್ಲಿ 6 ಮಿ.ಮೀ. ವ್ಯತ್ಯಾಸವಿದ್ದಾಗ ಈ ಗಾತ್ರದ ಬಾಯಿಯ ಮೇಲಿನ ಅಂಚು ಕೆಳಗಿನದಕ್ಕಿಂತ ಸುಮಾರು 4 ಮಿ.ಮೀ. ಪಕ್ಕಕ್ಕೆ ವಾಲಿರುತ್ತದೆ. ನೀವು ಬಿಟ್ಟ 10ರಲ್ಲಿ 4 ಆ ವಾಲಿಗೇ ಹೋಗುತ್ತದೆ, ಉಳಿದ 6 ಎರಡು ಬದಿಗೆ ಹಂಚಿದರೆ ಇಕ್ಕಟ್ಟಿನ ಜಾಗದಲ್ಲಿ 3 ಮಿ.ಮೀ. ಸಿಲಿಕೋನಿಗೆ ಅಷ್ಟಾದರೂ ಬೇಕು. ಮೂಲೆಯಳತೆಯ ವ್ಯತ್ಯಾಸ 8 ಮಿ.ಮೀ. ದಾಟಿದರೆ ಕಿಟಕಿಯನ್ನು ಇನ್ನಷ್ಟು ಚಿಕ್ಕದು ಮಾಡಬೇಡಿ, ಬಾಯಿಯನ್ನೇ ಸರಿಪಡಿಸಿ. ಚೌಕಟ್ಟು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಆದರೆ ಸುತ್ತಲೂ 6 ಮಿ.ಮೀ. ಬಿಡಿ. ಬಿಸಿಲಿಗೆ ಅದು ಅಲ್ಯೂಮಿನಿಯಂಗಿಂತ ಎರಡು–ಮೂರು ಪಟ್ಟು ಹಿಗ್ಗುತ್ತದೆ. ಕಡೂರು, ಅರಸೀಕೆರೆಯ ಬಯಲಿನಲ್ಲಿ ನೆರಳಿಲ್ಲದೆ ನಿಂತ ಕ್ಯಾಬಿನ್‌ಗೆ ಇದು ನಿಜವಾಗಿ ಲೆಕ್ಕಕ್ಕೆ ಬರುವ ವಿಷಯ.

ಪಫ್ ಗೋಡೆಗೆ ಇನ್ನೊಂದು ಎಚ್ಚರ. ಫೋಮಿನ ಅಂಚಿಗೆ ಸ್ಕ್ರೂ ಹಿಡಿಯುವುದಿಲ್ಲ, ತಗಡು ತೀರಾ ತೆಳು. ಬಾಯಿಯ ನಾಲ್ಕೂ ಅಂಚಿಗೆ 50 ಮಿ.ಮೀ. ಒಳ ಅಗಲದ ಜಿ.ಐ. (ಸತುವಿನ ಲೇಪದ ಉಕ್ಕು) 'ಯು' ಚಾನೆಲ್ ತೊಡಿಸಿ, ಎರಡೂ ಮುಖಕ್ಕೆ 150ರಿಂದ 200 ಮಿ.ಮೀ.ಗೊಂದು ಪಾಪ್ ರಿವೆಟ್ ಹೊಡೆಸಬೇಕು. ಚಾನೆಲ್ ಬಾಯಿಯನ್ನು ಪ್ರತಿ ಬದಿಯಲ್ಲಿ ತನ್ನ ದಪ್ಪದಷ್ಟು ಕಿರಿದು ಮಾಡುತ್ತದೆ. ಆದ್ದರಿಂದ ಚಾನೆಲ್ ಕೂರಿಸಿದ ಮೇಲೆಯೇ ಕೊನೆಯ ಅಳತೆ ತೆಗೆಯಿರಿ. ಹಳೆಯ ಬಾಯಿಗಿಂತ ದೊಡ್ಡ ಕಿಟಕಿ ಬೇಕೆಂದು ಗೋಡೆ ಕತ್ತರಿಸುವುದಾದರೆ ಒಳಗಿನ ನಿಲುವು ಪೈಪುಗಳನ್ನು ಮುಟ್ಟಬೇಡಿ. ಅಗಲ 4 ಅಡಿ ಮೀರಿದರೆ ಎರಡೂ ಪಕ್ಕಕ್ಕೆ ನೆಲದಿಂದ ಮಾಡಿನವರೆಗೆ ಕಬ್ಬಿಣದ ಪೈಪು ನಿಲ್ಲಿಸಿ.

ಕಂಟೈನರಿನ ಉದ್ದ ಗೋಡೆಯ ಅಲೆಯ ಆಳ ಸುಮಾರು 36 ಮಿ.ಮೀ. ಅದಕ್ಕೆ ನೇರವಾಗಿ ಕಿಟಕಿ ಕೂರಿಸಿದರೆ ಪ್ರತಿ ಅಲೆಯ ತಗ್ಗಿನಲ್ಲೂ ಒಂದು ಸಂದು. ಮೊದಲು ಕಬ್ಬಿಣದ ಪೈಪಿನ ಚೌಕಟ್ಟನ್ನು ಬಾಯಿಯ ಸುತ್ತ ಪೂರ್ತಿ ಬೆಸುಗೆ ಹಾಕಿಸಿ, ಸಂದುಗಳಿಗೆ ತಗಡು ಮುಚ್ಚಿ, ಆ ಚೌಕಟ್ಟಿನ ಒಳ ಅಳತೆಗೆ ಕಿಟಕಿ ಮಾಡಿಸಿ. ಕಂಟೈನರಿನ ಬಲದ ದೊಡ್ಡ ಪಾಲು ಆ ಅಲೆಯ ಗೋಡೆಯಲ್ಲಿದೆ. ಕತ್ತರಿಸಿ ಬಿಟ್ಟರೆ ಮಾಡು ಜೋತುಬೀಳಬಹುದು. ಚಕ್ರದ ಮೇಲಿನ ಕ್ಯಾರವಾನ್ ಆದರೆ ಕಿಟಕಿಯ ಮೂಲೆಗಳು ದುಂಡಗಿರುತ್ತವೆ. ಅಗಲ, ಎತ್ತರ, ಗೋಡೆ ದಪ್ಪದ ಜೊತೆ ಮೂಲೆಯ ದುಂಡನ್ನು ರಟ್ಟಿನ ಮೇಲೆ ಗೀಚಿ ಕತ್ತರಿಸಿ, ಆ ರಟ್ಟನ್ನೇ ಅಂಗಡಿಗೆ ಒಯ್ಯಿರಿ.

ಯಾವ ಕಿಟಕಿ?

ಮೂಡಿಗೆರೆ, ಸಕಲೇಶಪುರ, ಶೃಂಗೇರಿ ಕಡೆಗೆ ಕೇಳಬೇಕಾದ ಮೊದಲ ಪ್ರಶ್ನೆ: ಈ ಕಿಟಕಿ ಮುಖ ಮಾಡಿರುವುದು ಯಾವ ದಿಕ್ಕಿಗೆ? ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಆ ಕಡೆಯ ಕಿಟಕಿಗೆ ಬೀಳುವ ಎರಚಲು ಪೂರ್ವದ ಕಿಟಕಿಗೆ ಇಲ್ಲ. ಎಲ್ಲಕ್ಕೂ ಒಂದೇ ನಮೂನೆ ಹಾಕಿಸಬೇಕಾಗಿಲ್ಲ.

ಸ್ಲೈಡಿಂಗ್ ಕಿಟಕಿ ಅಗ್ಗ, ಜಾಗ ತಿನ್ನುವುದಿಲ್ಲ, ಎಲ್ಲ ಕಡೆ ಮಾಡುವವರಿದ್ದಾರೆ. ಆದರೆ ಅದರ ಟ್ರ್ಯಾಕೇ ಒಂದು ತೊಟ್ಟಿ. ಮಳೆನೀರು ಟ್ರ್ಯಾಕಿಗಿಳಿದು ತೂತಿನಿಂದ ಹೊರಹೋಗಬೇಕು. ಹೊರಗಿನಿಂದ ಗಾಳಿ ಒತ್ತಿದಾಗ ನೀರು ಹೊರಹೋಗದೆ ಒಳಗಡೆಗೆ ಏರುತ್ತದೆ. ಗಂಟೆಗೆ 45 ಕಿ.ಮೀ. ವೇಗದ ಗಾಳಿ ಟ್ರ್ಯಾಕಿನಲ್ಲಿ ಸುಮಾರು 10 ಮಿ.ಮೀ. ನೀರನ್ನು ಎತ್ತಿ ಹಿಡಿಯಬಲ್ಲದು, 70 ಕಿ.ಮೀ. ದಾಟಿದರೆ 25 ಮಿ.ಮೀ. ಹತ್ತಿರ. ಟ್ರ್ಯಾಕಿನ ಒಳ ಅಂಚು ಅದಕ್ಕಿಂತ ತಗ್ಗಿದ್ದರೆ ನೀರು ಹಾಸಿಗೆಗೇ ಬಂತು. ಸಿಲಿಕೋನ್ ಎಷ್ಟು ಬಳಿದರೂ ಇದು ನಿಲ್ಲುವುದಿಲ್ಲ, ಯಾಕೆಂದರೆ ನೀರು ಬರುತ್ತಿರುವುದು ಸಂದಿನಿಂದಲ್ಲ. ಗುಡ್ಡದ ನೆತ್ತಿಯಲ್ಲಿ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಂಥ ಗಾಳಿಯ ಜಾಗದಲ್ಲಿ ಪಶ್ಚಿಮಕ್ಕೆ ಸ್ಲೈಡಿಂಗ್ ಬೇಡವೇ ಬೇಡ.

ಅಲ್ಲಿಗೆ ಮೇಲ್ಗಡೆ ಹಿಂಜ್ ಇದ್ದು ಕೆಳಗಿನಿಂದ ಹೊರಕ್ಕೆ ತೆರೆಯುವ ಕಿಟಕಿ ಹಾಕಿಸಿ. ಪಲ್ಲ ಸುತ್ತಲೂ ರಬ್ಬರ್ ಗ್ಯಾಸ್ಕೆಟ್ಟಿಗೆ ಒತ್ತಿಕೊಂಡು ಮುಚ್ಚುತ್ತದೆ. ಮಳೆಯಲ್ಲೂ ನಾಲ್ಕು ಬೆರಳು ತೆರೆದಿಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿಯೇ ಇದ್ದರೆ ಹಾಸಿಗೆ, ಬಟ್ಟೆಗೆಲ್ಲ ಬೂಷ್ಟು ಬರುವ ನಮ್ಮ ಸೀಮೆಯಲ್ಲಿ ಈ ನಾಲ್ಕು ಬೆರಳಿನ ಗಾಳಿ ದೊಡ್ಡ ಉಪಕಾರ. ಪಲ್ಲದ ಅಗಲ 900, ಎತ್ತರ 600 ಮಿ.ಮೀ. ಒಳಗಿದ್ದರೆ ಅದನ್ನು ತೆರೆದು ಹಿಡಿಯುವ ಸ್ಟೇ ಹಿಂಜ್ ಬಾಳಿಕೆ ಬರುತ್ತದೆ. ದೊಡ್ಡ ಬಾಯಿಯಾದರೆ ಕೆಳಗೆ ತೆರೆಯದ ಗಾಜು, ಮೇಲೆ ತೆರೆಯುವ ಪಲ್ಲ ಎಂದು ಭಾಗ ಮಾಡಿಸಿ.

ಪೂರ್ವ, ಉತ್ತರದ ಕಿಟಕಿಗೆ, ಹಾಸನ, ಚನ್ನರಾಯಪಟ್ಟಣ, ಕಡೂರಿನ ಬಯಲಿಗೆ ಸ್ಲೈಡಿಂಗ್ ಧಾರಾಳ ಸಾಕು. ಅಲ್ಲಿ ಸಮಸ್ಯೆ ಬಿಸಿಲು. ಗಾಜಿಗಿಂತ ಮೊದಲು ಒಂದೂವರೆ ಅಡಿ ಚಾಚುವ ತಗಡಿನ ಸಜ್ಜಕ್ಕೆ ದುಡ್ಡು ಹಾಕಿ. ಮಲೆನಾಡಿನಲ್ಲೂ ಸಜ್ಜ ಬೇಕು. ಸ್ನಾನದ ಮನೆಗೆ ಗಾಜಿನ ಪಟ್ಟಿಗಳ ಲೂವರ್ ಸಾಕು.

ಮರದ ಚೌಕಟ್ಟು ಹಳೆಯ ಹಂಚಿನ ಮನೆಗೆ ಒಪ್ಪುತ್ತದೆ. 2 ಇಂಚಿನ ತಗಡಿನ ಗೋಡೆಗೆ ಬೇಡ.

ಗಾಜು, ಜಾಲರಿ, ಗ್ರಿಲ್

ಗಾಜಿನ ತೂಕ ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ. 1200 × 900ರ ಕಿಟಕಿಗೆ 5 ಮಿ.ಮೀ. ಗಾಜು ಎಂದರೆ ಹದಿಮೂರೂವರೆ ಕಿಲೋ. ಪೂರ್ತಿ ಭಾರ ತಳದ ಚಾನೆಲ್ ಮೇಲೆ. ಮಾಮೂಲಿ ಕಿಟಕಿಗೆ 4 ಅಥವಾ 5 ಮಿ.ಮೀ. ಸಾಕು. ಬಾಗಿಲ ಗಾಜಿಗೆ, ಮಂಡಿಯೆತ್ತರಕ್ಕಿಂತ ಕೆಳಗೆ ಬರುವ ಗಾಜಿಗೆ ಟಫನ್ಡ್ ಮಾತ್ರ. ಅದು ಒಡೆದರೆ ಚೂರಿಯಂತೆ ಸೀಳದೆ ಸಣ್ಣ ಹರಳಾಗುತ್ತದೆ. ಟಫನ್ ಮಾಡಿದ ಮೇಲೆ ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ. ಚೌಕಟ್ಟು ತಯಾರಾದ ಮೇಲೆ ಅಳೆದು ಆರ್ಡರ್ ಕೊಡಿ.

ಜಾಲರಿಗೆ ಫೈಬರ್ ಬದಲು ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಫೈಬರ್ ಜಾಲರಿಯನ್ನು ಮಂಗ ಒಂದೇ ಎಳೆತಕ್ಕೆ ಹರಿಯುತ್ತದೆ, ಸ್ಲೈಡಿಂಗ್ ಪಲ್ಲವನ್ನು ಸರಿಸಿ ಒಳಬರುವುದೂ ಅದಕ್ಕೆ ಗೊತ್ತು. ಪ್ರತಿ ಪಲ್ಲಕ್ಕೂ ಒಳಗಿನಿಂದ ಲಾಕ್ ಇರಲಿ.

ಗ್ರಿಲ್ ಹಾಕಿಸುವವರು ಇದನ್ನು ಗಮನವಿಟ್ಟು ಓದಬೇಕು. ಫೋಮ್ ಗೋಡೆಗೆ ಬೆಂಕಿ ತಗುಲಿದರೆ ಹೊಗೆ ಬೇಗ ತುಂಬುತ್ತದೆ, ಕ್ಯಾಬಿನ್‌ಗೆ ಇರುವುದು ಸಾಮಾನ್ಯವಾಗಿ ಒಂದೇ ಬಾಗಿಲು. ಜನ ಮಲಗುವ ಕೋಣೆಯಲ್ಲಿ ಬಾಗಿಲಿಗೆ ಎದುರಾದ ಒಂದು ಕಿಟಕಿಯ ಗ್ರಿಲ್ ಒಳಗಿನಿಂದ, ಬೀಗದ ಕೈ ಇಲ್ಲದೆ, ಚಿಲಕ ತೆಗೆದರೆ ತೆರೆಯುವಂತಿರಲಿ. ಮನುಷ್ಯ ನುಸುಳುವಷ್ಟು ದೊಡ್ಡದಿರಲಿ. ಅತಿಥಿಗಳಿರಲಿ, ಕೆಲಸದವರಿರಲಿ, ಇದರಲ್ಲಿ ಉಳಿತಾಯ ಮಾಡಬಾರದು.

ಬಾಗಿಲು

ಬಾಗಿಲ ಎತ್ತರವನ್ನು ನೆಲಹಾಸು ಹಾಕಿ ಮುಗಿದ ಮಟ್ಟದಿಂದ ಅಳೆಯಿರಿ. ಅದಕ್ಕೂ ಮೊದಲು ಬಾಗಿಲ ಬುಡದ ನೆಲಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಪ್ಲೈವುಡ್ ಮೆತ್ತಗಾಗಿದ್ದರೆ ಹೊಸ ಬಾಗಿಲು ಆರು ತಿಂಗಳಲ್ಲಿ ಜೋತುಬೀಳುತ್ತದೆ. ಗಟ್ಟಿ ಪ್ಲೈ ಸಿಗುವವರೆಗೆ ಕತ್ತರಿಸಿ ತೆಗೆದು, ಕೆಳಗಿನ ಚಾನೆಲ್ಲಿನ ತುಕ್ಕು ಉಜ್ಜಿ ಪ್ರೈಮರ್ ಹೊಡೆದು, ಹೊಸ ತುಂಡು ಕೂರಿಸಿ.

ಮನೆಗೆ ಬಳಸುವ 4 ಇಂಚು ಅಗಲದ ಡಬ್ಲ್ಯುಪಿಸಿ (ಮರದ ಪುಡಿ ಬೆರೆತ ಪ್ಲಾಸ್ಟಿಕ್) ದಾರಂದ ಕ್ಯಾಬಿನ್ ಗೋಡೆಗೆ ತೀರಾ ದಪ್ಪ. ಗೋಡೆಯ ದಪ್ಪಕ್ಕೆ ಮಡಿಸಿದ ಉಕ್ಕಿನ ದಾರಂದ, ಇಲ್ಲವೆ ಕಬ್ಬಿಣದ ಆಂಗಲ್ ಒಪ್ಪುತ್ತದೆ. ಹಲಗೆಗೆ ಪ್ಲೈ ಅಂಟಿಸಿದ ಫ್ಲಶ್ ಡೋರ್ ಬೇಡ. ಕೆಳ ಅಂಚಿನಿಂದ ನೀರು ಹೀರಿ ಪದರ ಬಿಡುತ್ತದೆ. ಡಬ್ಲ್ಯುಪಿಸಿ, ಎಫ್‌ಆರ್‌ಪಿ (ಗಾಜಿನ ನಾರು ಬೆರೆತ ಪ್ಲಾಸ್ಟಿಕ್) ಅಥವಾ ಒಳಗೆ ಪಫ್ ತುಂಬಿದ ಉಕ್ಕಿನ ಬಾಗಿಲು, ಈ ಮೂರರಲ್ಲಿ ಒಂದು ಆರಿಸಿ. ಮಳೆ ನೇರ ಬೀಳುವ ಕಡೆಗೆ ಎಫ್‌ಆರ್‌ಪಿ ನಿಶ್ಚಿಂತೆ.

ಹಲಗೆಯ ಅಳತೆಗೆ ದಾರಂದದಲ್ಲಿ ಹಲಗೆ ಕೂರುವ ತಗ್ಗಿನಿಂದ ತಗ್ಗಿಗೆ ಅಳೆದು, ಎರಡೂ ಪಕ್ಕಕ್ಕೆ ಮತ್ತು ತಲೆಗೆ 3 ಮಿ.ಮೀ., ಬುಡಕ್ಕೆ 6 ಮಿ.ಮೀ. ಬಿಡಿ. ತಗ್ಗಿನ ಅಗಲ 850 ಇದ್ದರೆ ಹಲಗೆ 844. ಹಿಂಜ್ 4 ಇಂಚಿನವು ಮೂರು, ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು. ಹೊರಕ್ಕೆ ತೆರೆಯುವ ಬಾಗಿಲು ಎರಚಲು ತಡೆಯುವುದರಲ್ಲಿ ಮೇಲು. ಆದರೆ ಹಿಂಜಿನ ಪಿನ್ನು ಹೊರಗೆ ಬರುವುದರಿಂದ ತೆಗೆಯಲಾಗದ ಪಿನ್ನಿನದನ್ನೇ ಕೇಳಿ. ಗಾಳಿಗೆ ಬಡಿಯದಂತೆ ಸ್ಟಾಪರ್ ಹಾಕಿಸಿ. ಹೊಸ್ತಿಲು ಹೊರಗಡೆಗೆ ತುಸು ಇಳಿಜಾರಾಗಿರಲಿ.

ಚೀಟಿ ಹೀಗಿರಲಿ

ಆರ್ಡರ್ ಕೊಡುವಾಗ ಒಂದು ಹಾಳೆಯಲ್ಲಿ ಕಿಟಕಿಯ ಚಿತ್ರ ಗೀಚಿ, "ಹೊರಗಿನಿಂದ ನೋಡಿದಂತೆ" ಎಂದು ಬರೆಯಿರಿ. ಅಗಲ ಮೊದಲು, ಎತ್ತರ ಆಮೇಲೆ. "ಚೌಕಟ್ಟಿನ ಹೊರ ಅಳತೆ, ಇದರಿಂದ ಏನೂ ಕಳೆಯಬಾರದು" ಎಂಬ ಸಾಲು ಕಡ್ಡಾಯ. ನೀವು 10 ಮಿ.ಮೀ. ಕಳೆದು ಕೊಟ್ಟದ್ದರಿಂದ ಅವರು ಮತ್ತೆ 10 ಕಳೆಯುವುದು ಅಂಗಡಿಗಳಲ್ಲಿ ಆಗುವ ಮಾಮೂಲಿ ತಪ್ಪು. ಗೋಡೆಯ ದಪ್ಪ, ಸೆಕ್ಷನ್ನಿನ ದಪ್ಪ, ಗಾಜಿನ ದಪ್ಪ, ಹಿಂಜ್ ಯಾವ ಕಡೆ, ಯಾವ ಕಡೆಗೆ ತೆರೆಯಬೇಕು, ನೀರು ಹೋಗುವ ತೂತು ಎಷ್ಟು, ಎಲ್ಲವೂ ಅದರಲ್ಲಿರಲಿ. ಸೆಕ್ಷನ್ 1.2 ಮಿ.ಮೀ.ಗಿಂತ ತೆಳುವಾದರೆ ಬೇಡ. ತಳದ ಟ್ರ್ಯಾಕಿಗೆ ಎರಡು ತುದಿಯ ಹತ್ತಿರ ಒಂದೊಂದು, 25 × 5 ಮಿ.ಮೀ. ಸೀಳು ತೂತು. ಬೆಲೆ ಚದರ ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ಗಾಜು, ಜಾಲರಿ, ಲಾಕ್, ಫಿಟಿಂಗ್ ಅದರಲ್ಲಿ ಸೇರಿದೆಯೇ ಎಂದು ಬಿಡಿಸಿ ಕೇಳಿ.

ಕೂರಿಸುವಾಗ

ಕೆಲಸ ಫೆಬ್ರವರಿಯಲ್ಲಿ ಮುಗಿಸಿಕೊಳ್ಳುವುದು ಕ್ಷೇಮ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಯಾವ ಸಂಜೆ ಬೇಕಾದರೂ ಬರಬಹುದು. ತೆರೆದ ಬಾಯಿಯಿಂದ ಒಂದು ಮಳೆ ಗ್ಲಾಸ್ ವುಲ್ಲಿಗೆ ಇಳಿದರೆ ಅದು ಸುಲಭಕ್ಕೆ ಒಣಗುವುದಿಲ್ಲ. ಟಾರ್ಪಾಲು ಪಕ್ಕದಲ್ಲೇ ಇರಲಿ.

ಪಫ್ ಗೋಡೆಯನ್ನು ಗ್ರೈಂಡರಿನಿಂದ ಕೊಯ್ಯಲು ಬಿಡಬೇಡಿ. ಕಿಡಿಯಿಂದ ಫೋಮಿಗೆ ಬೆಂಕಿ ಹತ್ತಬಹುದು. ಬಣ್ಣದ ತಗಡಿನ ಮೇಲೆ ಬಿದ್ದ ಬಿಸಿ ಚೂರುಗಳು ಕಚ್ಚಿಕೊಂಡು ಮುಂದೆ ತುಕ್ಕಿನ ಚುಕ್ಕೆಗಳಾಗುತ್ತವೆ, ಗಾಜಿನ ಮೇಲೆ ಬಿದ್ದರೆ ಗಾಜಿನ ಮೈ ಒರಟಾಗುತ್ತದೆ. ಜಿಗ್‌ಸಾ ಬಳಸಿ, ಕೊಯ್ದ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ. ಬೆಸುಗೆ ಏನಿದ್ದರೂ ಫೋಮಿನಿಂದ ದೂರ, ನೆಲದ ಮೇಲೆ ಮಾಡಿ ತಂದು ಕೂರಿಸಬೇಕು. ಕಬ್ಬಿಣಕ್ಕೆ ಅಲ್ಯೂಮಿನಿಯಂ ನೇರ ತಾಗಿ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ನಡುವೆ ರಬ್ಬರ್ ಟೇಪ್ ಹಾಕಿ.

ಚೌಕಟ್ಟನ್ನು ಪ್ಲಾಸ್ಟಿಕ್ ಪ್ಯಾಕಿಂಗ್ ತುಂಡಿನ ಮೇಲೆ ನಿಲ್ಲಿಸಿ, ರಸಮಟ್ಟ ಹಿಡಿದು, ಮೂಲೆಯಳತೆ ಮತ್ತೊಮ್ಮೆ ನೋಡಿ ಸ್ಕ್ರೂ ಬಿಗಿ ಮಾಡಿ. ಸ್ಕ್ರೂ ಅತಿ ಬಿಗಿಯಾದರೆ ಪಕ್ಕದ ಸೆಕ್ಷನ್ ಬಿಲ್ಲಿನಂತೆ ಬಾಗಿ ಪಲ್ಲ ಸಿಕ್ಕಿಕೊಳ್ಳುತ್ತದೆ. ಸಂದು 6 ಮಿ.ಮೀ. ಮೀರಿದ ಕಡೆ ಮೊದಲು ಫೋಮ್ ಹುರಿ ತುರುಕಿ, ಆಮೇಲೆ ಸಿಲಿಕೋನ್. ಸಿಲಿಕೋನ್ ನ್ಯೂಟ್ರಲ್ ಬಗೆಯದಾಗಿರಲಿ. ವಿನೆಗರ್ ವಾಸನೆ ಬರುವ ಅಗ್ಗದ ಬಗೆ ಜಿ.ಐ. ತಗಡನ್ನು ತಿನ್ನುತ್ತದೆ. 6 × 6 ಮಿ.ಮೀ. ಗೆರೆಗೆ 300 ಮಿ.ಲೀ. ಟ್ಯೂಬು ಸುಮಾರು 8 ಮೀಟರ್ ಬರುತ್ತದೆ. 4 × 3 ಅಡಿ ಕಿಟಕಿಯ ಸುತ್ತಳತೆ 4.3 ಮೀಟರ್, ಒಳಗೂ ಹೊರಗೂ ಸೇರಿ ಕಿಟಕಿಗೊಂದು ಟ್ಯೂಬು ಎಂದಿಟ್ಟುಕೊಳ್ಳಿ. ತಲೆಯ ಮೇಲಿನ ತಗಡಿನ ಮಡಿಕೆಯ ಮೇಲಂಚು ಗೋಡೆಯ ತಗಡಿನ ಒಳಗೆ ಹೋಗಬೇಕು. ಮೇಲೆ ಅಂಟಿಸಿದರೆ ಸಿಲಿಕೋನ್ ಬಿಟ್ಟ ದಿನ ಸೋರುತ್ತದೆ. ತಳದ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.

ಸಿಲಿಕೋನ್ ಒಂದು ದಿನ ಒಣಗಲಿ. ಮರುದಿನ ತೋಟದ ಪೈಪಿನಿಂದ ಮೊದಲು ಕಿಟಕಿಯ ತಳಕ್ಕೆ ಐದು ನಿಮಿಷ, ಆಮೇಲೆ ಪಕ್ಕಗಳಿಗೆ, ಕೊನೆಗೆ ತಲೆಗೆ ನೀರು ಹಿಡಿಯಿರಿ. ಒಳಗೊಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ. ಮೇಲಿನಿಂದ ಶುರು ಮಾಡಿದರೆ ಸೋರಿದ ನೀರು ಎಲ್ಲಿಂದ ಬಂತೆಂದು ಪತ್ತೆಯಾಗುವುದಿಲ್ಲ. ಕೆಲಸದವರ ಬಾಕಿ ಹಣ ಈ ಪರೀಕ್ಷೆ ಮುಗಿಯುವವರೆಗೆ ನಿಮ್ಮ ಕೈಯಲ್ಲೇ ಇರಲಿ, ಇದನ್ನು ಆರ್ಡರ್ ಚೀಟಿಯಲ್ಲೇ ಬರೆದಿಡಿ.